ಗಾಯಾಳು ಕಾರ್ಮಿಕನ ಹಕ್ಕು ಮತ್ತು ಡಾ. ಬಿ. ಆರ್. ಅಂಬೇಡ್ಕರ್

ಡಾ. ಭೀಮರಾವ್ ರಾಮ್‌ಜಿ ಅಂಬೇಡ್ಕರ್ ಎಂದೊಡನೆ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ನೀಲಿ ಸೂಟು, ದಪ್ಪ ಕನ್ನಡಕ ಮತ್ತು ಕೈಯಲ್ಲಿ ಸಂವಿಧಾನದ ಗ್ರಂಥ ಹಿಡಿದು ನಿಂತ ಪ್ರತಿಮೆ. ಅಸ್ಪೃಶ್ಯತೆಯ ವಿರುದ್ಧ ಅವರು ನಡೆಸಿದ ಹೋರಾಟವನ್ನು ಶಾಲಾ ಮಕ್ಕಳೂ ಬಲ್ಲರು. ಆದರೆ ಅವರ ಬದುಕಿನಲ್ಲಿ ಇನ್ನೊಂದು ಅಧ್ಯಾಯವಿದೆ. 1942ರಿಂದ 1946ರವರೆಗೆ ನಾಲ್ಕು ವರ್ಷ ಅವರು ಭಾರತದ ಕಾರ್ಮಿಕ ಖಾತೆಯನ್ನು ನೋಡಿಕೊಂಡರು. ಕೆಲಸದ ಸ್ಥಳದಲ್ಲಿ ಪೆಟ್ಟು ಬಿದ್ದ ಕಾರ್ಮಿಕನಿಗೆ ಇಂದು ಸಿಗುವ ರಕ್ಷಣೆಗೂ ಆ ನಾಲ್ಕು ವರ್ಷಗಳಿಗೂ ಹತ್ತಿರದ ಸಂಬಂಧವಿದೆ. ಆ ಕಥೆಯನ್ನು ಓದುಗರ ಮುಂದಿಡಬೇಕೆಂದು ನಮಗೆ ಅನಿಸಿದೆ.

ಇದಕ್ಕೆ ಕಾರಣವೂ ಇದೆ. ತುಮಕೂರು ನಗರದ ಮರಳೂರನ್ನು ತೆಗೆದುಕೊಳ್ಳೋಣ. ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜಿನಿಂದಾಗಿ ಹೆಸರಾದ ಈ ಊರು ಇಂದು ನಗರದೊಳಗೆ ಸೇರಿಹೋಗಿದೆ. ಕರಾವಳಿಯ ನಮ್ಮ ಕುಟುಂಬಗಳ ಮಕ್ಕಳು ಉದ್ಯೋಗ ಅರಸಿ ಹೋಗುವುದು ಇಂತಹ ಊರುಗಳಿಗೇ. ಅಲ್ಲೊಂದು ಸಣ್ಣ ವರ್ಕ್‌ಶಾಪ್. ಕೆಲಸಕ್ಕಿರುವವರು ಆರೇಳು ಮಂದಿ. ಅವರಲ್ಲಿ ಒಬ್ಬರಿಗೆ 40 ವರ್ಷ, ತಿಂಗಳ ವೇತನ 12,000 ರೂಪಾಯಿ. ಒಂದು ಸಂಜೆ ಪ್ರೆಸ್ ಯಂತ್ರಕ್ಕೆ ಸಿಲುಕಿ ಅವರ ಬಲಗೈ ಹೆಬ್ಬೆರಳು ಹೋಯಿತು ಎಂದು ಭಾವಿಸೋಣ. ಮಾಲೀಕರು ಆಸ್ಪತ್ರೆಯ ಬಿಲ್ಲು ಕಟ್ಟುತ್ತಾರೆ, ಕೈಗೆ ಹತ್ತು ಸಾವಿರ ಕೊಡುತ್ತಾರೆ, ಒಂದು ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ. ಮನೆಯವರು ಅವರಿಗೆ ಕೈಮುಗಿದು ಬರುತ್ತಾರೆ. ಈ ಉದಾಹರಣೆ ನಮ್ಮ ಕಲ್ಪನೆ. ಆದರೆ ಇಂತಹದೇ ಘಟನೆ ತಮ್ಮ ಧರ್ಮಕೇಂದ್ರದಲ್ಲಿ ನಡೆದಿಲ್ಲ ಎಂದು ಎಷ್ಟು ಮಂದಿ ಹೇಳಬಲ್ಲರು?

ಆ ಮನೆಯವರಿಗೆ ಗೊತ್ತಿಲ್ಲದ ಮಾತೆಂದರೆ, ಅವರಿಗೆ ಸಿಗಬೇಕಾದದ್ದು ದಯೆಯ ಹಣವಲ್ಲ, ಕಾನೂನಿನ ಹಕ್ಕು. ಅದರ ಲೆಕ್ಕವನ್ನು ಲೇಖನದ ಕೊನೆಯಲ್ಲಿ ನೋಡೋಣ. ಮೊದಲು, ಈ ಹಕ್ಕನ್ನು ಗಟ್ಟಿಗೊಳಿಸಲು ದುಡಿದ ಮಹನೀಯರ ಬದುಕನ್ನು ತಿಳಿಯೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅಂಬೇಡ್ಕರ್‌ರವರು ಜನಿಸಿದ್ದು 1891ರ ಏಪ್ರಿಲ್ 14ರಂದು, ಮಧ್ಯ ಭಾರತದ ಮಹೂ ಎಂಬ ದಂಡು ಪ್ರದೇಶದಲ್ಲಿ. ಅದಾಗಿ ಒಂದು ತಿಂಗಳಿಗೆ, ಮೇ 15ರಂದು, ಜಗದ್ಗುರು ಹದಿಮೂರನೇ ಲಿಯೋರವರು ಕಾರ್ಮಿಕರ ಸ್ಥಿತಿಗತಿಯ ಕುರಿತು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಅಪಘಾತ, ಕಾಯಿಲೆ, ವೃದ್ಧಾಪ್ಯದ ಕಾಲಕ್ಕೆ ಕಾರ್ಮಿಕರ ನೆರವಿಗಾಗಿ ನಿಧಿಯೊಂದು ಇರಬೇಕೆಂಬ ಆಶಯ ಆ ಪತ್ರದಲ್ಲಿತ್ತು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೇ ಲಿಯೋರವರು ತಮ್ಮ ಹೆಸರನ್ನು ಆರಿಸಿಕೊಳ್ಳುವಾಗ ಇದೇ ಪತ್ರವನ್ನು ನೆನೆದದ್ದು ನಮ್ಮ ಓದುಗರಿಗೆ ತಿಳಿದೇ ಇದೆ. ಒಂದೇ ವರ್ಷದ ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಕಾರ್ಮಿಕನ ಪ್ರಶ್ನೆ ಆ ಕಾಲದಲ್ಲಿ ಲೋಕವನ್ನೆಲ್ಲ ಕಾಡುತ್ತಿತ್ತು ಎಂಬುದನ್ನು ಅವು ತೋರಿಸುತ್ತವೆ.

ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಭೀಮರಾವ್ ಅವರ ಹದಿನಾಲ್ಕನೆಯ ಮಗು. ಚಿಕ್ಕಂದಿನಲ್ಲಿಯೇ ತಾಯಿ ಭೀಮಾಬಾಯಿ ತೀರಿಕೊಂಡರು. ಸಾತಾರಾದ ಶಾಲೆಯಲ್ಲಿ ಇತರ ಮಕ್ಕಳಿಂದ ದೂರ ಕುಳಿತು, ನೀರಿನ ಪಾತ್ರೆಯನ್ನು ಮುಟ್ಟುವಂತಿಲ್ಲದೆ ಓದಿದ ಹುಡುಗ 1907ರಲ್ಲಿ ಮುಂಬೈಯಲ್ಲಿ ಮೆಟ್ರಿಕ್ ಮುಗಿಸಿದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪದವಿ ಪಡೆದರು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅನಂತರ ಲಂಡನ್ನಿನಲ್ಲಿ ಅರ್ಥಶಾಸ್ತ್ರವನ್ನೂ ಕಾನೂನನ್ನೂ ಕಲಿತರು. 1923ರಲ್ಲಿ ಮುಂಬೈಗೆ ಮರಳಿ ವಕೀಲಿ ವೃತ್ತಿ ಹಿಡಿದರು. ಅರ್ಥಶಾಸ್ತ್ರ ಮತ್ತು ಕಾನೂನು ಎರಡನ್ನೂ ಬಲ್ಲವರಾಗಿದ್ದುದೇ ಮುಂದೆ ಕಾರ್ಮಿಕ ಖಾತೆಯಲ್ಲಿ ಅವರ ಬಲವಾಯಿತು.

ಗಿರಣಿಗಳ ನಡುವೆ

ಇಷ್ಟೆಲ್ಲ ಓದಿದವರು ವಾಸವಾಗಿದ್ದುದು ಎಲ್ಲಿ? ಮುಂಬೈಯ ಪರೇಲ್‌ನಲ್ಲಿ, ಬಟ್ಟೆ ಗಿರಣಿಗಳ ಕಾರ್ಮಿಕರು ತುಂಬಿಕೊಂಡಿದ್ದ ಚಾಳ್‌ನ ಎರಡು ಕೋಣೆಗಳಲ್ಲಿ. ಗಿರಣಿಯ ಶಿಳ್ಳೆಗೆ ಏಳುವ, ಪಾಳಿ ಮುಗಿಸಿ ಹತ್ತಿಯ ಧೂಳು ಕೆಮ್ಮುತ್ತಾ ಮನೆಗೆ ಮರಳುವ ಜನರೇ ಅವರ ನೆರೆಹೊರೆ. ಮನೆಯಲ್ಲಿಯೂ ಕಷ್ಟಕ್ಕೆ ಕೊನೆ ಇರಲಿಲ್ಲ. ಅವರಿಗೂ ಪತ್ನಿ ರಮಾಬಾಯಿಯವರಿಗೂ ಹುಟ್ಟಿದ ಐದು ಮಕ್ಕಳಲ್ಲಿ ಉಳಿದವರು ಯಶವಂತ ಒಬ್ಬರೇ. ರಮಾಬಾಯಿಯವರೂ 1935ರಲ್ಲಿ ಅಗಲಿದರು. ಬಡವನ ಮನೆಯಲ್ಲಿ ಕಾಯಿಲೆ ಎಂದರೆ ಏನು, ಸಂಪಾದನೆ ನಿಂತರೆ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದಷ್ಟೇ ತಿಳಿದವರಲ್ಲ.

ಗಿರಣಿಗಳ ಒಳಗೂ ಜಾತಿ ಇತ್ತು. ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ದಲಿತರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗಿದ್ದುದರಿಂದ ಎಂಜಲಾಗುತ್ತದೆ ಎಂಬುದು ಕಾರಣ. ಮುಷ್ಕರಕ್ಕೆ ಎಲ್ಲರೂ ಬೇಕು, ಆದರೆ ಒಳ್ಳೆಯ ಕೆಲಸಕ್ಕೆ ಎಲ್ಲರೂ ಬೇಡ ಎಂಬ ಈ ನಡತೆಯನ್ನು 1928ರ ಗಿರಣಿ ಮುಷ್ಕರದ ಸಮಯದಲ್ಲಿ ಅಂಬೇಡ್ಕರ್‌ರವರು ನೇರವಾಗಿ ಪ್ರಶ್ನಿಸಿದರು.

ಅದೇ ವರ್ಷ ಮುಂಬೈ ಶಾಸನ ಪರಿಷತ್ತಿನ ಸದಸ್ಯರಾಗಿ ಅವರು ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತನಾಡಿದರು. ತಾಯಿಗೆ ಹೆರಿಗೆಯ ಮುಂಚೆ ಮತ್ತು ಅನಂತರ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಆದ್ದರಿಂದ ಆ ಖರ್ಚಿನಲ್ಲಿ ಸರ್ಕಾರಕ್ಕೂ ಪಾಲಿರಬೇಕು ಎಂಬುದು ಅವರ ನಿಲುವಾಗಿತ್ತು. ಈ ವಿಚಾರವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ದುಡಿಯುವವರ ಕಷ್ಟವನ್ನು ಅವರ ತಲೆಗೇ ಕಟ್ಟದೆ ಎಲ್ಲರೂ ಹಂಚಿಕೊಳ್ಳಬೇಕೆಂಬ ಈ ಎಳೆ ಅವರ ಮುಂದಿನ ಕೆಲಸದಲ್ಲೆಲ್ಲ ಕಾಣುತ್ತದೆ.

ಅಂದಿನ ಮುಂಬೈ ಪ್ರಾಂತ್ಯದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳೂ ಸೇರಿದ್ದವು. ಹೀಗಾಗಿ ಕನ್ನಡ ನಾಡಿಗೂ ಅವರಿಗೂ ನಂಟಿತ್ತು. 1925ರ ಏಪ್ರಿಲ್‌ನಲ್ಲಿ ತಂಬಾಕಿನ ಊರಾದ ನಿಪ್ಪಾಣಿಯಲ್ಲಿ ನಡೆದ ಸಮ್ಮೇಳನಕ್ಕೆ ಅವರು ಬಂದಿದ್ದರು. ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿನಿಲಯ ತೆರೆಯಲು ಕಾರಣರಾದರು. 1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದರು. ಕಾರ್ಮಿಕರ ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಮುಂಬೈಯಲ್ಲಿ ನಡೆದ ಒಂದು ದಿನದ ಮುಷ್ಕರದ ಮುಂಚೂಣಿಯಲ್ಲಿದ್ದರು.

ಅಂದಿನ ಕಾನೂನು ಹೇಗಿತ್ತು?

ಅಂಬೇಡ್ಕರ್‌ರವರು ಕಾರ್ಮಿಕ ಖಾತೆಗೆ ಬರುವ ಮೊದಲೇ ಭಾರತದಲ್ಲಿ ಪರಿಹಾರದ ಕಾನೂನು ಇತ್ತು ಎಂಬುದನ್ನು ಹೇಳಲೇಬೇಕು. ಅದು 1923ರ ಕಾರ್ಮಿಕರ ಪರಿಹಾರ ಕಾಯ್ದೆ, ಜಾರಿಗೆ ಬಂದದ್ದು 1924ರ ಜುಲೈ 1ರಂದು. ಅದಕ್ಕೂ ಮುಂಚೆ ಪೆಟ್ಟು ತಿಂದ ಕಾರ್ಮಿಕನು ಮಾಲೀಕನದೇ ತಪ್ಪೆಂದು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗಿತ್ತು. ಜೊತೆ ಕೆಲಸಗಾರನ ತಪ್ಪಿನಿಂದ ಗಾಯವಾಗಿದ್ದರೆ ಮಾಲೀಕ ಹೊಣೆಯಲ್ಲ, ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದ್ದೀಯಲ್ಲ ಎಂಬಂತಹ ವಾದಗಳು ಎದುರಾಗುತ್ತಿದ್ದವು. ಕೈ ಮುರಿದುಕೊಂಡವನು ವಕೀಲರಿಗೆ ಹಣ ತರುವುದಾದರೂ ಎಲ್ಲಿಂದ?

1923ರ ಕಾಯ್ದೆ ಈ ಗೋಡೆಯನ್ನು ಒಡೆಯಿತು. ಅಪಘಾತ ಕೆಲಸದಿಂದ ಮತ್ತು ಕೆಲಸದ ಸಮಯದಲ್ಲಿ ಆಗಿದ್ದರೆ ಸಾಕು, ಮಾಲೀಕನ ತಪ್ಪನ್ನು ತೋರಿಸುವ ಅಗತ್ಯವಿಲ್ಲ. ಯಾವ ಅಂಗಕ್ಕೆ ಎಷ್ಟು ಎಂಬ ಪಟ್ಟಿ ಬಂತು. ತೀರ್ಮಾನಿಸಲು ಪ್ರತ್ಯೇಕ ಕಮಿಷನರ್ ಬಂದರು. ಇದು ದೊಡ್ಡ ಹೆಜ್ಜೆಯೇ ಸರಿ. ನಮ್ಮ ದಕ್ಷಿಣ ಕನ್ನಡವು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಈ ಕಾಯ್ದೆ ಮೊದಲಿನಿಂದಲೇ ಇಲ್ಲಿಗೆ ಅನ್ವಯಿಸಿತು. ತುಮಕೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ ಅಲ್ಲಿ ಸಂಸ್ಥಾನದ ಕಾನೂನುಗಳೇ ನಡೆಯುತ್ತಿದ್ದವು.

ಆದರೆ ಈ ವ್ಯವಸ್ಥೆಯಲ್ಲಿ ಒಂದು ದೋಷವಿತ್ತು. ಹಣ ಬರಬೇಕಾದದ್ದು ಮಾಲೀಕನ ಜೇಬಿನಿಂದ. ಅವನು ಕೊಡಲೊಪ್ಪದಿದ್ದರೆ ಕಾರ್ಮಿಕ ಕಮಿಷನರ್ ಬಳಿ ಅಲೆಯಬೇಕು. ಅವನು ದಿವಾಳಿಯಾಗಿದ್ದರೆ ಆದೇಶ ಸಿಕ್ಕರೂ ಹಣವಿಲ್ಲ. ಕೆಲಸ ಕೊಡುವವನ ವಿರುದ್ಧವೇ ಅರ್ಜಿ ಹಾಕಲು ಹೆದರಿ ಸಿಕ್ಕಷ್ಟಕ್ಕೆ ಒಪ್ಪಿಕೊಳ್ಳುವವರೇ ಹೆಚ್ಚು. ಗಣಿಗಳಲ್ಲಿಯಂತೂ ನಿಧಾನವಾಗಿ ಕೊಲ್ಲುವ ಕಾಯಿಲೆಗಳಿದ್ದವು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಿಂದಲೇ. ಬೆರಳು ಕತ್ತರಿಸಿಹೋದರೆ ಎಲ್ಲರಿಗೂ ಕಾಣುತ್ತದೆ. ಎದೆಯೊಳಗಿನ ಧೂಳು ಯಾರಿಗೆ ಕಾಣುತ್ತದೆ?

ಕಾರ್ಮಿಕ ಖಾತೆಯ ಹೊಣೆ

1942ರ ಜುಲೈಯಲ್ಲಿ ಅಂಬೇಡ್ಕರ್‌ರವರು ವೈಸರಾಯ್‌ರವರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಕೇಂದ್ರ ಕಾರ್ಮಿಕ ಸಚಿವರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ದೇಶದೊಳಗೆ ಸ್ವಾತಂತ್ರ್ಯ ಚಳವಳಿಯ ಬಿಸಿ. ಬ್ರಿಟಿಷ್ ಸರ್ಕಾರದಲ್ಲಿ ಸ್ಥಾನ ಒಪ್ಪಿಕೊಂಡದ್ದಕ್ಕೆ ಅವರು ಸಾಕಷ್ಟು ಟೀಕೆಯನ್ನೂ ಎದುರಿಸಿದರು. ಆದರೆ ಆ ಕುರ್ಚಿಯನ್ನು ಅವರು ಬಳಸಿಕೊಂಡ ರೀತಿಯನ್ನು ನಾವು ನೋಡಬೇಕು.

ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ, 1942ರ ಆಗಸ್ಟ್ 7ರಂದು, ಸರ್ಕಾರ, ಮಾಲೀಕರು ಮತ್ತು ಕಾರ್ಮಿಕರು ಒಂದೇ ಮೇಜಿನ ಸುತ್ತ ಕೂರುವ ತ್ರಿಪಕ್ಷೀಯ ಕಾರ್ಮಿಕ ಸಮ್ಮೇಳನ ಅವರ ಅಧ್ಯಕ್ಷತೆಯಲ್ಲಿ ದೆಹಲಿಯಲ್ಲಿ ನಡೆಯಿತು. ಅದುವರೆಗೆ ಕಾರ್ಮಿಕರ ಕುರಿತ ತೀರ್ಮಾನಗಳಲ್ಲಿ ಕಾರ್ಮಿಕರ ಮಾತಿಗೆ ಇಂತಹ ಖಾಯಂ ಜಾಗ ಇರಲಿಲ್ಲ.

1943ರಲ್ಲಿ ಅವರ ಖಾತೆಯಿಂದ ಯುದ್ಧ ಗಾಯಗಳ ಪರಿಹಾರ ವಿಮೆಯ ಕಾಯ್ದೆ ಬಂತು. ಬಾಂಬ್ ದಾಳಿಯ ಭೀತಿಯಿದ್ದ ಬಂದರು, ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಯುದ್ಧದಿಂದ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು, ಅದಕ್ಕಾಗಿ ಮೊದಲೇ ಸರ್ಕಾರದ ಬಳಿ ವಿಮೆ ಮಾಡಿಸಿರಲೇಬೇಕು ಎಂಬುದು ಅದರ ತಿರುಳು. ಇಲ್ಲಿ ವಿಮೆ ಕಡ್ಡಾಯ ಎಂಬುದು ಗಮನಾರ್ಹ. ಕಾರ್ಮಿಕನಿಗೆ ಸಿಗುವ ಹಣ ಮಾಲೀಕನ ಮನಸ್ಸನ್ನಾಗಲಿ ಅವನ ಸ್ಥಿತಿಯನ್ನಾಗಲಿ ಅವಲಂಬಿಸಬಾರದು ಎಂಬ ತತ್ತ್ವ ಇದರ ಹಿಂದಿತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಧನಬಾದ್ ಸುತ್ತಲಿನ ಕಲ್ಲಿದ್ದಲು ಗಣಿಗಳಿಗೆ ಹೋದರು. ಕಚೇರಿಯಲ್ಲಿ ಕುಳಿತು ವರದಿ ಓದಿ ತೃಪ್ತರಾಗದೆ ಗಣಿಯೊಳಗೆ ಇಳಿದು, ಕಾರ್ಮಿಕರು ಕೆಲಸ ಮಾಡುವುದನ್ನು ಕಂಡರು. ಅವರ ಮನೆಗಳನ್ನು ನೋಡಿದರು. 1944ರ ಆರಂಭದಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿಯ ಸುಗ್ರೀವಾಜ್ಞೆ ಹೊರಬಿತ್ತು. ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆಯಿದ್ದ ದುಡಿಮೆಯ ಮಿತಿಯನ್ನು 48 ಗಂಟೆಗೆ ಇಳಿಸಿದ 1946ರ ತಿದ್ದುಪಡಿಯನ್ನು ಮಂಡಿಸಿದವರೂ ಅವರೇ. ಇಂದು ಎಂಟು ಗಂಟೆಯ ದುಡಿಮೆಯನ್ನು ನಾವು ಸಹಜವೆಂದು ತಿಳಿದಿದ್ದೇವೆ. ದಣಿದ ಕೈಯೇ ಬೇಗ ಯಂತ್ರಕ್ಕೆ ಸಿಲುಕುತ್ತದೆ. ಆದ್ದರಿಂದ ಗಂಟೆ ಇಳಿಸಿದ್ದೂ ಅಪಘಾತ ತಡೆಯುವ ಕೆಲಸವೇ ಆಗಿತ್ತು.

ವಿಮೆಯ ಬೀಜ

ಈ ನಾಲ್ಕು ವರ್ಷಗಳಲ್ಲಿ ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು ಆರೋಗ್ಯ ವಿಮೆಯ ಯೋಜನೆ. ಜರ್ಮನಿಯಲ್ಲಿ 1884ರಲ್ಲಿಯೇ ಅಪಘಾತ ವಿಮೆ ಬಂದಿತ್ತು. ಇಂಗ್ಲೆಂಡಿನಲ್ಲಿ 1942ರ ಡಿಸೆಂಬರ್‌ನಲ್ಲಿ ಬೆವರಿಜ್ ವರದಿ ಪ್ರಕಟವಾಗಿ ಸಾಮಾಜಿಕ ಭದ್ರತೆಯ ಮಾತು ಎಲ್ಲೆಡೆ ಕೇಳಿಬರುತ್ತಿತ್ತು. ಭಾರತದಲ್ಲಿ 1943ರ ಮಾರ್ಚ್‌ನಲ್ಲಿ ಕಾರ್ಮಿಕ ಖಾತೆಯು ಪ್ರೊಫೆಸರ್ ಬಿ. ಪಿ. ಅದರ್ಕರ್ ಅವರಿಗೆ ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಸಿದ್ಧಪಡಿಸುವ ಕೆಲಸ ವಹಿಸಿತು. ಅವರು 1944ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರಾದ ಸ್ಟ್ಯಾಕ್ ಮತ್ತು ರಾವ್ ಅದನ್ನು ಪರಿಶೀಲಿಸಿ, ಕಾಯಿಲೆ, ಹೆರಿಗೆ ಮತ್ತು ಕೆಲಸದ ಅಪಘಾತ ಮೂರನ್ನೂ ಒಂದೇ ವಿಮೆಯಲ್ಲಿ ತರುವಂತೆ ಸೂಚಿಸಿದರು.

ಉಪಾಯ ಸರಳವಾಗಿದೆ. ಪ್ರತಿ ತಿಂಗಳು ಕಾರ್ಮಿಕನಿಂದ ಸ್ವಲ್ಪ, ಮಾಲೀಕನಿಂದ ಹೆಚ್ಚು. ಎಲ್ಲವೂ ಒಂದು ನಿಧಿಗೆ ಸೇರುತ್ತದೆ. ಸಾವಿರಾರು ಕಾರ್ಖಾನೆಗಳಲ್ಲಿ ಯಾರಿಗೆ ಯಾವಾಗ ಪೆಟ್ಟಾದರೂ ಹಣ ಆ ನಿಧಿಯಿಂದ ಬರುತ್ತದೆ. ಮಾಲೀಕನ ಮುಂದೆ ಕೈಚಾಚಬೇಕಾಗಿಲ್ಲ, ಅವನೊಂದಿಗೆ ಜಗಳವೂ ಬೇಕಿಲ್ಲ. ಮಾಲೀಕನಿಗೂ ಒಂದೇ ಬಾರಿಗೆ ದೊಡ್ಡ ಹೊರೆ ಬೀಳುವುದಿಲ್ಲ. ನಮ್ಮ ಧರ್ಮಕೇಂದ್ರಗಳ ಸಹಾಯ ನಿಧಿಗಳನ್ನು ಬಲ್ಲ ಓದುಗರಿಗೆ ಇದು ಹೊಸದೇನಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಅಲ್ಲಿ ಕೊಡುವುದು ಪ್ರೀತಿಯಿಂದ, ಇಲ್ಲಿ ಕೊಡಲೇಬೇಕು.

ಈ ಕಾನೂನನ್ನು ಅಂಬೇಡ್ಕರ್‌ರವರೇ ಅಂಗೀಕರಿಸಿದರು ಎಂದು ಕೆಲವೊಮ್ಮೆ ಬರೆಯುವುದುಂಟು. ಅದು ಪೂರ್ತಿ ನಿಜವಲ್ಲ. 1946ರ ಮಧ್ಯಭಾಗದಲ್ಲಿ ಅವರು ಖಾತೆಯಿಂದ ನಿರ್ಗಮಿಸಿದ್ದರು. ಮಸೂದೆ ಮಂಡನೆಯಾದದ್ದು ಆ ವರ್ಷದ ನವೆಂಬರ್‌ನಲ್ಲಿ, ಕಾರ್ಮಿಕ ಖಾತೆ ಬಾಬು ಜಗಜೀವನ್ ರಾಮ್‌ರವರ ಕೈಯಲ್ಲಿದ್ದಾಗ. 1948ರ ಏಪ್ರಿಲ್‌ನಲ್ಲಿ ಅದು ನೌಕರರ ರಾಜ್ಯ ವಿಮಾ ಕಾಯ್ದೆಯಾಯಿತು. ಇದನ್ನೇ ನಾವು ಇಎಸ್ಐ ಎನ್ನುತ್ತೇವೆ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. 1958ರಲ್ಲಿ ಬೆಂಗಳೂರಿಗೆ ಬಂತು. ಅಂಬೇಡ್ಕರ್‌ರವರ ಕಾಲದಲ್ಲಿ ನೆಟ್ಟ ಸಸಿಗೆ ಇತರರು ನೀರೆರೆದರು ಎನ್ನುವುದೇ ಸರಿ. ಹೀಗೆ ಹೇಳುವುದರಿಂದ ಅವರ ಹಿರಿಮೆ ಕುಗ್ಗುವುದಿಲ್ಲ.

ಸಂವಿಧಾನದೊಳಗೆ ಕಾರ್ಮಿಕ

1947ರ ಆಗಸ್ಟ್ 29ರಂದು ಸಂವಿಧಾನದ ಕರಡು ಸಮಿತಿ ರಚನೆಯಾಗಿ ಅಂಬೇಡ್ಕರ್‌ರವರು ಅದರ ಅಧ್ಯಕ್ಷರಾದರು. ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ ಮತ್ತು ಅಂಗವೈಕಲ್ಯದ ಸಮಯದಲ್ಲಿ ಸರ್ಕಾರದ ನೆರವು ದೊರಕಿಸಬೇಕೆಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. ಕೆಲಸದ ಸ್ಥಿತಿಗತಿಗಳು ನ್ಯಾಯಯುತವೂ ಮಾನವೀಯವೂ ಆಗಿರಬೇಕೆಂದು 42ನೆಯ ವಿಧಿ ಹೇಳುತ್ತದೆ. ಇವು ನ್ಯಾಯಾಲಯದಲ್ಲಿ ನೇರವಾಗಿ ಕೇಳಿ ಪಡೆಯುವ ಹಕ್ಕುಗಳಲ್ಲ, ಸರ್ಕಾರಕ್ಕೆ ದಾರಿ ತೋರುವ ತತ್ತ್ವಗಳು. ಆದರೂ ಕಾರ್ಮಿಕ ಕಾನೂನುಗಳು ಇವುಗಳಿಂದಲೇ ಬಲ ಪಡೆದಿವೆ. ಸ್ವಾತಂತ್ರ್ಯಾನಂತರ ಕೇಂದ್ರದ ಕಾರ್ಮಿಕ ಕಾಯ್ದೆಗಳು ಹಳೆಯ ಮೈಸೂರು ಸಂಸ್ಥಾನಕ್ಕೂ ವಿಸ್ತರಿಸಿ, ಮಂಗಳೂರಿನ ಹಂಚಿನ ಕಾರ್ಖಾನೆಯ ಕಾರ್ಮಿಕನಿಗೂ ತುಮಕೂರಿನ ಕಾರ್ಮಿಕನಿಗೂ ಒಂದೇ ಕಾನೂನಾಯಿತು.

ಸ್ವತಂತ್ರ ಭಾರತದ ಮೊದಲ ಕಾನೂನು ಸಚಿವರಾಗಿ ಅವರು 1951ರವರೆಗೆ ಸೇವೆ ಸಲ್ಲಿಸಿ ರಾಜೀನಾಮೆ ನೀಡಿದರು. ಸಕ್ಕರೆ ಕಾಯಿಲೆ ದೇಹವನ್ನು ಬಳಲಿಸಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು. ಆಗ ಅವರಿಗೆ 65 ವರ್ಷ.

ಇಂದಿನ ಕಾನೂನು: ನಾವು ತಿಳಿದಿರಬೇಕಾದದ್ದು

1923ರ ಕಾಯ್ದೆಯೂ 1948ರ ಇಎಸ್ಐ ಕಾಯ್ದೆಯೂ ಸೇರಿ ಒಂಬತ್ತು ಕಾನೂನುಗಳನ್ನು ಒಂದುಗೂಡಿಸಿದ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಹೆಸರು ಬದಲಾಗಿದೆ, ಮೂಲ ಹಕ್ಕುಗಳು ಉಳಿದಿವೆ. ಈಗ ನಮ್ಮ ಮರಳೂರಿನ ಉದಾಹರಣೆಗೆ ಮರಳೋಣ.

ಆ ವರ್ಕ್‌ಶಾಪಿನಲ್ಲಿ ಹತ್ತು ಜನರಿಲ್ಲ, ಇಎಸ್ಐ ಇಲ್ಲ. ಆದ್ದರಿಂದ ಪರಿಹಾರದ ಹೊಣೆ ಮಾಲೀಕರದು. ಲೆಕ್ಕ ಹೀಗಿದೆ. ತಿಂಗಳ ವೇತನ 12,000ದ ಶೇ. 60 ಎಂದರೆ 7,200 ರೂಪಾಯಿ. 40 ವರ್ಷದವರಿಗೆ ಕಾನೂನಿನ ಪಟ್ಟಿಯಲ್ಲಿರುವ ಗುಣಕ 184.17. ಎರಡನ್ನೂ ಗುಣಿಸಿದರೆ 13,26,024. ಇದು ಪೂರ್ತಿ ಅಂಗವಿಕಲರಾದವರಿಗೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ ಎಂದು ಪಟ್ಟಿ ಹೇಳುತ್ತದೆ. ಅದರಂತೆ ಸಿಗಬೇಕಾದದ್ದು ಸುಮಾರು 3,97,800 ರೂಪಾಯಿ. ಚಿಕಿತ್ಸೆಯ ವೆಚ್ಚ ಬೇರೆ. ಕೈಗೆ ಬಂದದ್ದು ಹತ್ತು ಸಾವಿರ. ಅದೇ ವ್ಯಕ್ತಿ ಅಪಘಾತದಲ್ಲಿ ತೀರಿಕೊಂಡಿದ್ದರೆ ವೇತನದ ಶೇ. 50ರ ಲೆಕ್ಕದಲ್ಲಿ ಕುಟುಂಬಕ್ಕೆ 11,05,020 ರೂಪಾಯಿ ಸಲ್ಲಬೇಕಿತ್ತು.

ಅವರು ಇಎಸ್ಐ ಇರುವ ಕಾರ್ಖಾನೆಯಲ್ಲಿ ಇದ್ದಿದ್ದರೆ? ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ, 2017ರಿಂದ ಇರುವ ಮಿತಿಯಂತೆ 21,000 ರೂಪಾಯಿವರೆಗಿನ ವೇತನದವರಿಗೆ ಇಎಸ್ಐ ಅನ್ವಯಿಸುತ್ತದೆ. 2019ರಲ್ಲಿ ನಿಗದಿಯಾದ ದರದಂತೆ ಕಾರ್ಮಿಕನ ಪಾಲು ಶೇ. 0.75, ಮಾಲೀಕನ ಪಾಲು ಶೇ. 3.25. ಎಂದರೆ 12,000 ವೇತನಕ್ಕೆ ಕಾರ್ಮಿಕನಿಂದ 90 ರೂಪಾಯಿ, ಮಾಲೀಕನಿಂದ 390. ಇದಕ್ಕೆ ಪ್ರತಿಯಾಗಿ ಉಚಿತ ಚಿಕಿತ್ಸೆ, ಗುಣವಾಗುವವರೆಗೆ ವೇತನದ ಸುಮಾರು ಶೇ. 90, ಅನಂತರ ವೈದ್ಯಕೀಯ ಮಂಡಳಿ ಶೇ. 30 ನಷ್ಟ ಎಂದು ತೀರ್ಮಾನಿಸಿದರೆ ತಿಂಗಳಿಗೆ ಸುಮಾರು 3,240 ರೂಪಾಯಿ, ಬದುಕಿರುವವರೆಗೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಅಪಘಾತದ ಸೌಲಭ್ಯ ಸಿಗುತ್ತದೆ. ಆದರೆ ಇಎಸ್ಐಯಿಂದ ಪಡೆಯುವವರು ಅದೇ ಗಾಯಕ್ಕೆ ಮಾಲೀಕರಿಂದ ಮತ್ತೆ ಪರಿಹಾರ ಕೇಳುವಂತಿಲ್ಲ.

ಇನ್ನು ಕೆಲವು ಮಾತುಗಳನ್ನು ನಮ್ಮ ಪಾಲನಾ ಮಂಡಳಿಗಳ ಸದಸ್ಯರೂ ಧರ್ಮಕೇಂದ್ರದ ಕಾರ್ಯಕರ್ತರೂ ನೆನಪಿಡಬೇಕೆಂದು ಕೋರುತ್ತೇವೆ.

ಮೊದಲನೆಯದಾಗಿ, ಪರಿಹಾರ ಬೇಡವೆಂದು ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ. ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅಸಿಂಧು ಎಂಬ ನಿಯಮ 1923ರಿಂದಲೇ ಇದೆ. ಸಹಿ ಹಾಕಿಬಿಟ್ಟೆವಲ್ಲ ಎಂದು ಯಾರೂ ಕೈಚೆಲ್ಲಬಾರದು.

ಎರಡನೆಯದಾಗಿ, ಗುತ್ತಿಗೆದಾರರ ಕೈಕೆಳಗಿನ ಕೆಲಸ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಗುತ್ತಿಗೆ ಕೊಟ್ಟ ಸಂಸ್ಥೆಯೂ ತನ್ನ ವ್ಯವಹಾರದ ಭಾಗವಾದ ಕೆಲಸಕ್ಕೆ ಹೊಣೆಯಾಗುತ್ತದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತಕ್ಕೂ, ಕೆಲಸದೊಂದಿಗೆ ಅದರ ಸಂಬಂಧ ಸಾಬೀತಾದರೆ, ಹೊಸ ಸಂಹಿತೆಯಲ್ಲಿ ರಕ್ಷಣೆ ಇದೆ.

ಮೂರನೆಯದಾಗಿ, ದಾಖಲೆ. ಅಪಘಾತವಾದ ಕೂಡಲೇ ಮಾಲೀಕರಿಗೆ ಲಿಖಿತವಾಗಿ ತಿಳಿಸಿ ಪ್ರತಿ ಇಟ್ಟುಕೊಳ್ಳಬೇಕು. ಆಸ್ಪತ್ರೆಯಲ್ಲಿ ಕೆಲಸದ ಸ್ಥಳದಲ್ಲಿ ಆದ ಗಾಯ ಎಂದೇ ಬರೆಸಬೇಕು. ಮನೆಯಲ್ಲಿ ಬಿದ್ದದ್ದು ಎಂದು ಹೇಳಿಸುವವರ ಮಾತಿಗೆ ಒಪ್ಪಬಾರದು. ವೇತನದ ಚೀಟಿ, ಬ್ಯಾಂಕ್ ಪುಸ್ತಕ, ಹಾಜರಿಯ ಗುರುತು, ಜೊತೆಗಿದ್ದವರ ಹೆಸರು ಎಲ್ಲವೂ ಬೇಕಾಗುತ್ತವೆ. ಅರ್ಜಿಗೆ ಎರಡು ವರ್ಷದ ಗಡುವಿದೆ. ಅಪಘಾತ 2025ರ ನವೆಂಬರ್‌ಗಿಂತ ಹಿಂದಿನದಾಗಿದ್ದರೂ ಹಳೆಯ ಕಾಯ್ದೆಯಡಿ ಹುಟ್ಟಿದ ಹಕ್ಕು ಅಳಿಯುವುದಿಲ್ಲ. ತಡ ಮಾಡದೆ ವಿಚಾರಿಸಬೇಕು.

ನಾಲ್ಕನೆಯದಾಗಿ, ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಸಹಾಯವಾಣಿ 15100.

ನಮ್ಮಲ್ಲಿ ಯಾರಿಗಾದರೂ ಪೆಟ್ಟಾದರೆ ನಾವು ಏನು ಮಾಡುತ್ತೇವೆ? ಆಸ್ಪತ್ರೆಗೆ ಹೋಗಿ ನೋಡಿ ಬರುತ್ತೇವೆ, ಹಣ್ಣು ಕೊಡುತ್ತೇವೆ, ಪ್ರಾರ್ಥಿಸುತ್ತೇವೆ, ಧರ್ಮಕೇಂದ್ರದಲ್ಲಿ ಒಂದಿಷ್ಟು ಹಣ ಸಂಗ್ರಹಿಸುತ್ತೇವೆ. ಇವೆಲ್ಲವೂ ಒಳ್ಳೆಯದೇ. ಆದರೆ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಕೇಳುವುದನ್ನು ನಾವು ಕಲಿಯಬೇಕು. ಅರ್ಜಿ ಹಾಕಿದ್ದಾರೆಯೇ? ಈ ಒಂದು ಪ್ರಶ್ನೆ ಒಂದು ಕುಟುಂಬದ ಮಕ್ಕಳ ಓದನ್ನು ಉಳಿಸಬಹುದು. ನಮ್ಮಲ್ಲಿ ಕೆಲವರು ಮಾಲೀಕರೂ ಇದ್ದೇವೆ. ಕೊಡಬೇಕಾದದ್ದನ್ನು ಪೂರ್ತಿಯಾಗಿ ಕೊಟ್ಟ ಮೇಲೆಯೇ ದಾನದ ಮಾತು ಬರುತ್ತದೆ ಎಂಬುದನ್ನು ನಾವೂ ನೆನೆಯಬೇಕು.

ಪ್ರತಿ ವರ್ಷ ಏಪ್ರಿಲ್ 14ರಂದು ಅಂಬೇಡ್ಕರ್‌ರವರ ಪ್ರತಿಮೆಗೆ ಹಾರ ಬೀಳುತ್ತದೆ. ಅದಾಗಿ ಎರಡು ವಾರಕ್ಕೆ, ಮೇ 1ರಂದು, ಕಾರ್ಮಿಕರ ದಿನವನ್ನೂ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನೂ ನಾವು ಆಚರಿಸುತ್ತೇವೆ. ಈ ಎರಡು ದಿನಗಳ ನಡುವೆ ಪ್ರತಿ ಧರ್ಮಕೇಂದ್ರದಲ್ಲಿ ಒಂದು ಸಂಜೆ, ದುಡಿಯುವವರನ್ನು ಕೂರಿಸಿ, ಅವರ ಇಎಸ್ಐ ಸಂಖ್ಯೆ ಇದೆಯೇ, ವೇತನದ ಚೀಟಿ ಸಿಗುತ್ತಿದೆಯೇ ಎಂದು ವಿಚಾರಿಸುವುದಾದರೆ ಆ ಮಹನೀಯರಿಗೆ ಅದಕ್ಕಿಂತ ಒಳ್ಳೆಯ ಗೌರವ ಬೇರೊಂದಿಲ್ಲ ಎಂದು ನಾವು ನಂಬಿದ್ದೇವೆ.